ಕೈಯ ಮೇಲಿನ ಮಾತು

ಕಳೆದ ರಾಜ್ಯೋತ್ಸವದ ಸಂಜೆ. ಸಂಘದ ಸಮಾರಂಭಕ್ಕೆ ಹೊರಡುವ ಗಡಿಬಿಡಿ. ನಾವು ಬೀರುವಿನ ಮುಂದೆ ನಿಂತು ಒಂದು ಕೈಗಡಿಯಾರವನ್ನು ಕಟ್ಟಿ, ಬಿಚ್ಚಿ, ಇನ್ನೊಂದನ್ನು ಕಟ್ಟಿ, ಅದೂ ಸರಿಕಾಣದೆ ಮತ್ತೆ ಮೊದಲಿನದನ್ನೇ ಕೈಗೆತ್ತಿಕೊಂಡಿದ್ದೆವು. ಬಾಗಿಲಿಗೊರಗಿ ಈ ಪ್ರಹಸನವನ್ನೆಲ್ಲ ನೋಡುತ್ತಿದ್ದ ಹದಿನಾಲ್ಕು ವರ್ಷದ ಮಗಳು, "ಅಪ್ಪಾ, ಯಾವುದನ್ನ ಕಟ್ಟಿಕೊಂಡರೂ ಗಂಟೆ ಐದೂ ಕಾಲೇ ಅಲ್ವಾ?" ಎಂದಳು. ಒಳಗಿನಿಂದ ನಮ್ಮ ಮನೆಯಾಕೆಯ ಉತ್ತರ ಬಂತು: "ಅದು ಅವರು ನೋಡಿಕೊಳ್ಳೋದಕ್ಕಲ್ಲ ಕಣೇ, ನೋಡೋರಿಗೆ!"

ಎಲ್ಲರೂ ನಕ್ಕೆವು. ಹೊರಟೆವು. ಸಮಾರಂಭವೂ ಚೆನ್ನಾಗಿಯೇ ನಡೆಯಿತು. ಆದರೆ ಭಾಷಣಗಳ ನಡುವೆ ನಮ್ಮ ಮನಸ್ಸು ಮಾತ್ರ ಮಗಳ ಪ್ರಶ್ನೆಯನ್ನೇ ಮೆಲುಕು ಹಾಕುತ್ತಿತ್ತು. ಗಂಟೆ ನೋಡಲು ಒಂದು ವಾಚು ಸಾಕು, ಎರಡನೆಯದು ಯಾರಿಗಾಗಿ? ಉಡುಪಿಗೆ ತಕ್ಕಂತೆ, ಸಂದರ್ಭಕ್ಕೆ ತಕ್ಕಂತೆ ವಾಚು ಬದಲಿಸುವುದು ಎದುರಿನವರಿಗೆ ಸಲ್ಲಿಸುವ ಮರ್ಯಾದೆಯೋ, ಅಥವಾ ಇಲ್ಲದ್ದನ್ನು ಇದೆಯೆಂದು ತೋರಿಸುವ ಸೋಗೋ? ಇದೆಂಥ ಕ್ಷುಲ್ಲಕ ಜಿಜ್ಞಾಸೆ, ಸರ್ಕಾರಿ ಗುಮಾಸ್ತನಿಗೆ ಬೇರೆ ಕೆಲಸವಿಲ್ಲವೇ ಎಂದು ವಾಚಕರು ಅನ್ನಬಹುದು. ಆದರೆ ದೊಡ್ಡ ಧರ್ಮಸಂಕಟಗಳು ನಮ್ಮಂಥವರ ಬಾಗಿಲು ತಟ್ಟುವುದು ಅಪರೂಪ. ನಮಗೆ ದಿನವೂ ಎದುರಾಗುವ ಧರ್ಮಸಂಕಟಗಳು ಅಂಗಿ, ಚಪ್ಪಲಿ, ವಾಚುಗಳ ವೇಷದಲ್ಲಿಯೇ ಬರುತ್ತವೆ. ಅವುಗಳನ್ನು ಗುರುತಿಸದೆ ಹೋದರೆ ನಮ್ಮ ಆಯುಷ್ಯದಲ್ಲಿ ಧರ್ಮಾಧರ್ಮ ವಿಚಾರಕ್ಕೆ ಅವಕಾಶವೇ ಇಲ್ಲದಂತಾದೀತು.

ನಮ್ಮಲ್ಲಿರುವುದು ಮೂರೇ ವಾಚುಗಳು. ಒಂದು, ತೀರಿಹೋದ ನಮ್ಮ ತಂದೆಯವರ ಎಚ್.ಎಂ.ಟಿ. ಜನತಾ. ದಿನವೂ ಕೀ ಕೊಡಬೇಕಾದದ್ದು. ಬಿಳಿಯ ಮುಖ ಈಗ ಹಳದಿಗೆ ತಿರುಗಿದೆ. ಎರಡನೆಯದು, ನಮ್ಮ ಮದುವೆಯಲ್ಲಿ ಮಾವನವರು ಕೊಟ್ಟ ಟೈಟನ್; ಚಿನ್ನದ ಬಣ್ಣ, ಚಿನ್ನದ ಬಣ್ಣದ್ದೇ ಚೈನು. ಅಂಚೆ ಇಲಾಖೆಯಲ್ಲಿದ್ದ ಅವರು ಮೂರು ಹೆಣ್ಣುಮಕ್ಕಳ ಮದುವೆಯ ನಡುವೆ ಅದನ್ನು ಹೇಗೆ ಹೊಂದಿಸಿದರೋ, ನಾವು ಆಗ ಕೇಳಲಿಲ್ಲ. ಕೇಳಬೇಕೆಂದು ಹೊಳೆಯಲೂ ಇಲ್ಲ. ಮೂರನೆಯದು ಕಚೇರಿಗೆ ದಿನವೂ ಕಟ್ಟುವ ಕಪ್ಪು ಪಟ್ಟಿಯ ಅಗ್ಗದ ವಾಚು. ಕಚೇರಿಗೆ ಬಂದ ಹೊತ್ತನ್ನು ಈಗ ಬಾಗಿಲಲ್ಲಿರುವ ಬೆರಳಚ್ಚಿನ ಯಂತ್ರವೇ ಬರೆದುಕೊಳ್ಳುತ್ತದೆ. ಅದರ ಮುಂದೆ ನಮ್ಮ ವಾಚಿನ ಸಾಕ್ಷ್ಯ ನಡೆಯುವುದಿಲ್ಲ. ಜೇಬಿನಲ್ಲಿರುವ ಮೊಬೈಲು ಇವೆಲ್ಲಕ್ಕಿಂತ ಖಚಿತವಾಗಿ ಗಂಟೆ ಹೇಳುತ್ತದೆ. ಆದರೂ ಬರಿಗೈಯಲ್ಲಿ ಮನೆಯಿಂದ ಹೊರಬಿದ್ದರೆ ಏನೋ ಮರೆತಂತೆ.

ಈ ಹೊಂದಿಕೆಗೂ ಒಂದು ಶಾಸ್ತ್ರವಿದೆ. ಚರ್ಮದ ಪಟ್ಟಿಯಾದರೆ ಬೂಟು ಬೆಲ್ಟುಗಳ ಬಣ್ಣವನ್ನು ನೋಡಬೇಕು. ಕಪ್ಪಿಗೆ ಕಪ್ಪು, ಕಂದಿಗೆ ಕಂದು. ಲೋಹದ ಚೈನಾದರೆ ಬೆಲ್ಟಿನ ಬಕಲ್, ಕನ್ನಡಕದ ಚೌಕಟ್ಟು, ಬೆರಳಿನ ಉಂಗುರ ಇವುಗಳ ಮೈಬಣ್ಣಕ್ಕೆ ಹೊಂದಬೇಕು. ಕೋಟು ತೊಟ್ಟಾಗ ತೆಳ್ಳನೆಯ ವಾಚು ಲೇಸು, ಏಕೆಂದರೆ ಅದು ಅಂಗಿಯ ತೋಳಿನ ಕೆಳಗೆ ಸಲೀಸಾಗಿ ಜಾರಬೇಕು. ದಪ್ಪನೆಯದಾದರೆ ತೋಳು ಅದರ ಮೇಲೇರಿ ಕುಳಿತು, ಕೈಗೆ ಕಟ್ಟು ಹಾಕಿದಂತೆ ಕಾಣುತ್ತದೆ. ಮುಖದೊಳಗೆ ಇನ್ನೂ ಮೂರು ಪುಟ್ಟ ಮುಖಗಳು, ಪಕ್ಕದಲ್ಲಿ ಗುಂಡಿಗಳು ಇರುವ ಆಟೋಟದ ವಾಚು ಮೈದಾನಕ್ಕೆ ಚೆಂದ. ಪಂಚೆ ಶಲ್ಯದ ಜೊತೆ ಅದು ಸಂಗೀತ ಕಛೇರಿಗೆ ಬ್ಯಾಂಡ್ ಸೆಟ್ಟು ಬಂದಂತೆ. ಪೂಜೆಗೆ ಕೂರುವವರು ಚರ್ಮದ ಪಟ್ಟಿಯ ವಾಚನ್ನು ಬಿಚ್ಚಿಟ್ಟೇ ದೇವರ ಮನೆಗೆ ಹೋಗುವುದು ನಮ್ಮ ಹಿರಿಯರ ರೂಢಿ. ಹೆಣ್ಣುಮಕ್ಕಳ ಲೆಕ್ಕಾಚಾರ ಇನ್ನೂ ಸೂಕ್ಷ್ಮ. ರೇಷ್ಮೆ ಸೀರೆಯ ದಿನ ವಾಚು ಬಳೆಗಳ ನಡುವೆ ಇನ್ನೊಂದು ಬಳೆಯಂತೆ ಇರಬೇಕು, ಬಳೆ ತಾಗಿ ಅದರ ಗಾಜು ಗೀರಲೂಬಾರದು. ನಮ್ಮ ಮನೆಯಾಕೆ ಅಂಥ ದಿನ ವಾಚಿನ ಮುಖವನ್ನು ಮಣಿಕಟ್ಟಿನ ಒಳಬದಿಗೆ ತಿರುಗಿಸಿ ಕಟ್ಟುವುದು ಇದಕ್ಕಾಗಿ.

ದೆಹಲಿಯ ಹವೆಯಂತೂ ಈ ಶಾಸ್ತ್ರಕ್ಕೆ ತನ್ನದೇ ಅಧ್ಯಾಯವೊಂದನ್ನು ಸೇರಿಸಿದೆ. ಮೇ ತಿಂಗಳಲ್ಲಿ ಚರ್ಮದ ಪಟ್ಟಿ ಬೆವರು ಕುಡಿದು ವಾಸನೆ ಹಿಡಿಯುತ್ತದೆ. ಆಗ ಚೈನೇ ಗತಿ. ಜನವರಿಯ ಚಳಿಯಲ್ಲಿ ಅದೇ ಚೈನು ಮುಂಜಾನೆ ಕೈಗೆ ತಾಗಿದರೆ ಮಂಜುಗಡ್ಡೆ. ಆಗ ಚರ್ಮವೇ ಹಿತ. ಅಂಗಿ, ಸ್ವೆಟರು, ಕೋಟು ಎಂದು ಮೂರು ಪದರದ ಕೆಳಗೆ ಹೂತುಹೋದ ವಾಚನ್ನು ಯಾರು ನೋಡುತ್ತಾರೆ? ಆದರೂ ಚಳಿಗಾಲದ ಮದುವೆಗಳಲ್ಲಿ ತೋಳನ್ನು ಎರಡಂಗುಲ ಮೇಲೆಳೆದುಕೊಂಡು ಚಳಿ ತಡೆಯುವ ಮಹನೀಯರನ್ನು ನಾವು ಕಂಡಿದ್ದೇವೆ. ನಾವೂ ಹಾಗೆ ಮಾಡಿದ್ದುಂಟು.

ಅಷ್ಟಕ್ಕೂ ಸಂದರ್ಭಕ್ಕೂ ಕೈಗಡಿಯಾರಕ್ಕೂ ಇರುವ ನಂಟು ಇಂದಿನದಲ್ಲ; ಅದು ಮಣಿಕಟ್ಟಿಗೆ ಬಂದದ್ದೇ ಸಂದರ್ಭದ ಒತ್ತಾಯದಿಂದ. ಹತ್ತೊಂಬತ್ತನೆಯ ಶತಮಾನದ ಯುರೋಪಿನಲ್ಲಿ ಗಂಡಸರ ಗಡಿಯಾರ ಜೇಬಿನಲ್ಲಿತ್ತು. ಕೈಗೆ ಕಟ್ಟುವುದು ಹೆಂಗಸರ ಆಭರಣವಾಗಿತ್ತು. ಬ್ರೆಜಿಲಿನ ವಿಮಾನ ಸಾಹಸಿ ಸಾಂತೋಸ್ ದುಮೊಂಗೆ ಹಾರುವಾಗ ಎರಡೂ ಕೈ ಬೇಕು, ಜೇಬಿನಿಂದ ಗಡಿಯಾರ ತೆಗೆಯುವುದು ಕಷ್ಟ ಎಂದು ಪ್ಯಾರಿಸಿನ ಕಾರ್ಟಿಯೇ 1904ರಲ್ಲಿ ಕೈಗೆ ಕಟ್ಟುವ ಗಡಿಯಾರ ಮಾಡಿಕೊಟ್ಟ. 1914ರ ಮಹಾಯುದ್ಧದಲ್ಲಿ ಕಂದಕದೊಳಗಿನ ಸೈನಿಕರಿಗೂ ಅದೇ ಅವಸರ. ಯುದ್ಧ ಮುಗಿದು ಅವರು ಮನೆಗೆ ಮರಳುವ ಹೊತ್ತಿಗೆ ಕೈಗಡಿಯಾರ ಗಂಡಸುತನಕ್ಕೆ ಕುಂದಲ್ಲ ಎಂದಾಗಿತ್ತು. ಅಂದರೆ ಮೊದಲು ಬಂದದ್ದು ಕೆಲಸದ ಹೊಂದಿಕೆ. ನೋಟದ ಹೊಂದಿಕೆ ಅದರ ಬೆನ್ನಹಿಂದೆ ಬಂತು.

ನಮ್ಮ ದೇಶದಲ್ಲಿ ಸಾಮಾನ್ಯನ ಕೈಗೆ ಗಡಿಯಾರ ಕಟ್ಟಿದ ಕೀರ್ತಿಯಲ್ಲಿ ಕನ್ನಡನಾಡಿನ ಪಾಲು ದೊಡ್ಡದು. ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ ಎಚ್.ಎಂ.ಟಿ. ಬೆಂಗಳೂರಿನಲ್ಲಿ ವಾಚು ತಯಾರಿಕೆ ಆರಂಭಿಸಿದ್ದು 1961ರಲ್ಲಿ. ತುಮಕೂರಿನ ಕಾರ್ಖಾನೆ 1978ರಲ್ಲಿ ಬಂತು. ಜನತಾ, ಪೈಲಟ್, ಸೋನಾ, ಕಾಂಚನ್ ಎಂಬ ಹೆಸರುಗಳು ಒಂದು ಕಾಲಕ್ಕೆ ಮನೆಮಂದಿಯ ಹೆಸರುಗಳಷ್ಟೇ ಪರಿಚಿತವಾಗಿದ್ದವು. ಮದುವೆಯಲ್ಲಿ ವರನಿಗೆ ಎಚ್.ಎಂ.ಟಿ. ವಾಚು ಕೊಟ್ಟರೆಂಬುದು ಊರೆಲ್ಲ ಆಡುವ ಮಾತಾಗಿತ್ತು. ಆ ವಾಚಿನ ಕಂಪನಿಯನ್ನು ಮುಚ್ಚಲು 2016ರ ಜನವರಿಯಲ್ಲಿ ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟ ಸುದ್ದಿ ಬಂದ ದಿನ ನಾವು ಬೀರುವಿನಿಂದ ತಂದೆಯವರ ಜನತಾ ತೆಗೆದು ಕೀ ಕೊಟ್ಟೆವು. ಅದು ಏನೂ ಆಗದವರಂತೆ ನಡೆಯತೊಡಗಿತು.

ತಂದೆಯವರು ಅರಸೀಕೆರೆ ಸೀಮೆಯ ಒಂದು ಹಳ್ಳಿಯಲ್ಲಿ ಪ್ರಾಥಮಿಕ ಶಾಲೆಯ ಮೇಷ್ಟರಾಗಿದ್ದರು. ಅವರಿಗಿದ್ದುದು ಒಂದೇ ವಾಚು. ಆಗ ಆಕಾಶವಾಣಿಯ ಬೆಳಗಿನ ಕನ್ನಡ ವಾರ್ತೆ ದೆಹಲಿಯಿಂದ ಬರುತ್ತಿತ್ತು. ವಾರ್ತೆ ಆರಂಭವಾಗುವ ಕ್ಷಣಕ್ಕೆ ಅವರು ಮುಳ್ಳು ಸರಿಮಾಡಿ ಕೀ ಕೊಡುತ್ತಿದ್ದರು. ದೆಹಲಿ ಎಂಬುದು ನಮಗೆ ಮೊದಲು ಪರಿಚಯವಾದದ್ದು ಅಪ್ಪನ ವಾಚು ಸರಿಮಾಡುವ ಊರು ಎಂದೇ. ಒಂದೇ ವಾಚಾದರೂ ಅವರೂ ಸಂದರ್ಭ ನೋಡುತ್ತಿದ್ದರು. ಮದುವೆಗೆ ಹೋಗುವ ಹಿಂದಿನ ರಾತ್ರಿ ಅದರ ಪ್ಲಾಸ್ಟಿಕ್ ಗಾಜಿಗೆ ಹಲ್ಲಿನ ಪೇಸ್ಟು ಹಚ್ಚಿ, ಬಟ್ಟೆಯಿಂದ ತಿಕ್ಕಿ ಗೀರು ಹೋಗಿಸುತ್ತಿದ್ದರು. ಶಾಲೆಯ ತಪಾಸಣೆಯ ದಿನ ಹೊಸ ಪಟ್ಟಿ. ಸಾವಿನ ಮನೆಗೆ ಹೋಗುವಾಗ ಬಿಚ್ಚಿ ಗೂಡಿನಲ್ಲಿಟ್ಟು ಹೋಗುತ್ತಿದ್ದರು. ಏಕೆಂದು ಒಮ್ಮೆ ಕೇಳಿದ್ದಕ್ಕೆ, "ಅಲ್ಲಿ ಗಂಟೆ ನೋಡಿಕೊಂಡರೆ ಎದ್ದು ಹೋಗುವ ಅವಸರವಿದ್ದ ಹಾಗೆ ಕಾಣುತ್ತೆ ಮಗು" ಎಂದಿದ್ದರು. ಆ ಮಾತು ಮುಂದೆ ಬಹಳ ಕಾಲ ನಮ್ಮನ್ನು ಕಾಡಿತು.

ಆ ವಾಚಿನ ಮುಖದ ಮೇಲೆ '17 ಜ್ಯೂಯೆಲ್ಸ್' ಎಂದು ಬರೆದಿದೆ. ಹದಿನೇಳು ರತ್ನಗಳು! ಚಿಕ್ಕವರಿದ್ದಾಗ ನಾವು ಅದನ್ನು ತಿರುಗಿಸಿ ಮುರುಗಿಸಿ ರತ್ನಗಳೆಲ್ಲಿ ಎಂದು ಹುಡುಕಿದ್ದೇ ಹುಡುಕಿದ್ದು. ಮುಂದೆ ಬಿ.ಎಸ್ಸಿ. ಓದುವಾಗ ತಿಳಿಯಿತು: ಅವು ಕೃತಕವಾಗಿ ತಯಾರಿಸಿದ ಮಾಣಿಕ್ಯದ ಚೂರುಗಳು. ಗಾಲಿಗಳ ಅಚ್ಚು ತಿರುಗುವ ಜಾಗದಲ್ಲಿ ಘರ್ಷಣೆ ತಗ್ಗಿಸಲು, ಸವೆತ ತಡೆಯಲು ಅವನ್ನು ಕೂರಿಸಿರುತ್ತಾರೆ. ಹೊರಗಿನವರ ಕಣ್ಣಿಗೆ ಅವು ಬೀಳುವುದೇ ಇಲ್ಲ. ತೋರಿಕೆಗೆಂದು ಹೊರಗೆ ಹಾಕಿದ ಚಿನ್ನದ ನೀರು ಹತ್ತು ವರ್ಷಕ್ಕೆ ಮಾಸುತ್ತದೆ. ತೋರದೆ ಒಳಗೆ ದುಡಿಯುವ ಆ ಹರಳುಗಳಿಂದಾಗಿ ತಂದೆಯವರ ವಾಚು ಇಂದಿಗೂ ನಡೆಯುತ್ತಿದೆ.

ಇನ್ನು ಸ್ಫಟಿಕದ ವಾಚಿನ ಕತೆ. ಜಪಾನಿನ ಸೈಕೋ 1969ರ ಡಿಸೆಂಬರಿನಲ್ಲಿ ಮೊದಲ ಕ್ವಾರ್ಟ್ಜ್ ಕೈಗಡಿಯಾರವನ್ನು ಮಾರಾಟಕ್ಕಿಟ್ಟಿತು. ಇಂದಿನ ಸಾಮಾನ್ಯ ಕ್ವಾರ್ಟ್ಜ್ ವಾಚಿನೊಳಗಿನ ಹರಳು ಸೆಕೆಂಡಿಗೆ 32,768 ಬಾರಿ ಕಂಪಿಸುತ್ತದೆ. ಆ ಸಂಖ್ಯೆಯನ್ನು ಹದಿನೈದು ಬಾರಿ ಅರ್ಧ ಮಾಡುತ್ತ ಹೋದರೆ ಉಳಿಯುವುದು ಒಂದು; ಅದೇ ಸೆಕೆಂಡಿನ ಮುಳ್ಳಿನ ಒಂದು ಹೆಜ್ಜೆ. ಕೀ ಕೊಡುವ ವಾಚು ದಿನಕ್ಕೆ ಹಲವು ಸೆಕೆಂಡು ಹಿಂದುಮುಂದಾದರೆ, ಇದು ತಿಂಗಳಿಗೆ ಅಷ್ಟಾದರೆ ಹೆಚ್ಚು. ಹೀಗಾಗಿ ಇಂದು ಐನೂರು ರೂಪಾಯಿಯ ವಾಚು ಐದು ಲಕ್ಷದ ಕೀ ಕೊಡುವ ವಾಚಿಗಿಂತ ಸರಿಯಾದ ಗಂಟೆ ತೋರಿಸಬಲ್ಲುದು. ಕಾಲದ ಖಚಿತತೆ ಬಡವನಿಗೂ ಸಿಕ್ಕಿತು, ಅದು ಒಳ್ಳೆಯದೇ. ಆದರೆ ಇದರಿಂದ ಒಂದು ಮಾತು ಸ್ಪಷ್ಟವಾಗುತ್ತದೆ. ಐನೂರರ ಮೇಲೆ ನಾವು ಕೊಡುವ ಒಂದೊಂದು ರೂಪಾಯಿಯೂ ಗಂಟೆಗೆ ಕೊಟ್ಟದ್ದಲ್ಲ. ಕೆಲಸಗಾರಿಕೆಯ ಮೇಲಿನ ಪ್ರೀತಿಗೋ, ಚೆಲುವಿಗೋ, ನೆನಪಿಗೋ ಕೊಟ್ಟದ್ದು. ಅಥವಾ ಇನ್ನೊಬ್ಬರಿಗೆ ಏನನ್ನೋ ಹೇಳಲು ಕೊಟ್ಟದ್ದು.

ಇಂಗ್ಲಿಷಿನ ವಾಚಿಗೂ ಸಂಸ್ಕೃತದ ವಾಚಿಗೂ ಹುಟ್ಟಿನ ಸಂಬಂಧವೇನೂ ಇಲ್ಲ. ಆದರೂ ಕೈಯ ಮೇಲಿನ ವಾಚು ಮಾತಾಡುತ್ತದೆ ಎಂಬುದು ಅನುಭವದ ಸತ್ಯ. ಕಚೇರಿಯಲ್ಲಿ ಬಿಲ್ಲು ಪಾಸು ಮಾಡುವ ಮೇಜಿನವರು ಒಂದು ದಿನ ಬೆಲೆಬಾಳುವ ವಾಚು ಕಟ್ಟಿ ಬಂದರೆ ಸಾಕು, ಇಡೀ ವಿಭಾಗವೇ ಮನಸ್ಸಿನಲ್ಲಿ ಅವರ ಸಂಬಳವನ್ನು ಭಾಗಿಸತೊಡಗುತ್ತದೆ. ಪಾಪ, ಅದು ಮಗ ಮೊದಲ ಸಂಬಳದಲ್ಲಿ ಕೊಡಿಸಿದ್ದಿರಬಹುದು. ಆದರೆ ವಾಚು ತನ್ನ ಪೂರ್ವಕತೆಯನ್ನು ಹೇಳುವುದಿಲ್ಲ, ಬೆಲೆಯನ್ನು ಮಾತ್ರ ಹೇಳುತ್ತದೆ.

'ಊಟ ತನ್ನಿಚ್ಛೆ, ನೋಟ ಪರರಿಚ್ಛೆ' ಎಂದು ನಮ್ಮಲ್ಲಿ ಗಾದೆ. ಉಡುಗೆ ತೊಡುಗೆಯಲ್ಲಿ ಪರರ ಇಚ್ಛೆಯನ್ನು ಗಮನಿಸಬೇಕೆಂಬುದು ಹಿರಿಯರ ಮತ. ಹನ್ನೊಂದನೆಯ ಶತಮಾನದ ಕಾಶ್ಮೀರದ ಕ್ಷೇಮೇಂದ್ರ ಔಚಿತ್ಯವನ್ನೇ ಕಾವ್ಯದ ಜೀವವೆಂದು ವಾದಿಸಿದ. ಕೊರಳಿಗೆ ಡಾಬು, ಸೊಂಟಕ್ಕೆ ಹಾರ ತೊಟ್ಟರೆ ನಗೆಪಾಟಲು ಎಂಬ ಅರ್ಥದ ಉದಾಹರಣೆಯನ್ನು ಅದಕ್ಕೆ ಕೊಟ್ಟ. ಇನ್ನೊಂದು ಕಡೆ ಗಾಂಧೀಜಿ ಇದ್ದಾರೆ. ಅಂಗಿಯೇ ಇಲ್ಲದ ಮೇಲೆ ಜೇಬೆಲ್ಲಿಂದ? ಅವರು ಜೇಬುಗಡಿಯಾರವನ್ನು ಸೊಂಟಕ್ಕೆ ಇಳಿಬಿಟ್ಟರು. ಸೇವಾಗ್ರಾಮದಲ್ಲೂ ಅದೇ ಉಡುಪು. 1931ರಲ್ಲಿ ಇಂಗ್ಲೆಂಡಿನ ದೊರೆಯ ಅರಮನೆಗೆ ಹೋದಾಗಲೂ ಅದೇ ಉಡುಪು. ಸಂದರ್ಭ ಬದಲಾದರೂ ವೇಷ ಬದಲಿಸದ ಅವರನ್ನು ಅನುಚಿತವೆಂದು ಹೇಳಲಾದೀತೇ? ಅವರ ಉಡುಪು ಎಲ್ಲೆಡೆ ಒಂದೇ ಮಾತನ್ನು ಹೇಳುತ್ತಿತ್ತು, ಆ ಮಾತಿನಂತೆ ಅವರು ಬದುಕುತ್ತಿದ್ದರು. ಹಾಗೆಂದಮಾತ್ರಕ್ಕೆ ನಾವೂ ಒಂದೇ ವಾಚಿನಲ್ಲಿ ಎಲ್ಲ ಕಡೆ ಹೋದರೆ ಗಾಂಧಿಯಾಗುವುದಿಲ್ಲ. ಕೆಲವೊಮ್ಮೆ ಬರಿಯ ಸೋಮಾರಿಗಳಾಗುತ್ತೇವೆ. ಹಾಗಾದರೆ ನಮ್ಮಂಥವರಿಗೆ ಅಳತೆಗೋಲು ಯಾವುದು? ಎರಡು ಪ್ರಸಂಗಗಳನ್ನು ಹೇಳಿ ಮುಂದುವರಿಯುತ್ತೇವೆ.

ಕೆಲವು ವರ್ಷಗಳ ಹಿಂದಿನ ಮಾತು. ಡಿಸೆಂಬರಿನ ಒಂದು ಮಧ್ಯಾಹ್ನ ಪರಿಚಿತರ ಮನೆಯ ಮದುವೆಯಲ್ಲಿ ಊಟಕ್ಕೆ ಕುಳಿತಿದ್ದಾಗ, ಸಂಘದ ಹಿರಿಯರೊಬ್ಬರು ತೀರಿಕೊಂಡರೆಂದು ಫೋನು ಬಂತು. ಮದುವೆಯ ಉಡುಪಿನಲ್ಲೇ, ಮೇಲೊಂದು ಶಾಲು ಹೊದ್ದು ರಾಮಕೃಷ್ಣಪುರದ ಅವರ ಮನೆಗೆ ಧಾವಿಸಿದೆವು. ಮೆಟ್ಟಿಲು ಹತ್ತುವಾಗ ಕೈಯಲ್ಲಿ ಚಿನ್ನದ ಬಣ್ಣದ ವಾಚು ಝಗಝಗಿಸಿತು. ತಂದೆಯವರ ಮಾತು ನೆನಪಾಗಿ, ಅದನ್ನು ಬಿಚ್ಚಿ ಜೇಬಿಗೆ ಇಳಿಸಿದೆವು. ಒಳಗೆ ಧಾರವಾಡದಿಂದ ಬಂದಿದ್ದ ಮೃತರ ಅಣ್ಣ ಕುಳಿತಿದ್ದರು. ಎಂಬತ್ತು ದಾಟಿದವರು, ಕಣ್ಣು ಮಂಜು. ಮಗ ಬೆಂಗಳೂರಿನಿಂದ ವಿಮಾನದಲ್ಲಿ ಬರುತ್ತಿದ್ದ. ಹೊತ್ತು ಮುಳುಗುವುದರೊಳಗೆ ನಿಗಮಬೋಧ ಘಾಟಿಗೆ ಹೋಗಬೇಕಿತ್ತು. ಪಕ್ಕದಲ್ಲಿ ಕುಳಿತ ನಮ್ಮನ್ನು, "ಟೈಮ್ ಎಷ್ಟಾತ್ರಿ?" ಎಂದರು. ನಾವು ಬರಿಗೈ ನೋಡಿಕೊಂಡು, ಜೇಬು ತಡಕಿ, ವಾಚು ತೆಗೆದು ಹೇಳಿದೆವು. ಹತ್ತು ನಿಮಿಷಕ್ಕೆ ಮತ್ತೆ ಅದೇ ಪ್ರಶ್ನೆ, ಮತ್ತೆ ಅದೇ ತಡಕಾಟ. ನಾಲ್ಕನೆಯ ಸಲಕ್ಕೆ ಆ ವೃದ್ಧರು ಮೆಲ್ಲಗೆ, "ಕೈಗೇ ಕಟ್ಗೋರಿ. ಎಷ್ಟ ಸರ್ತಿ ತೆಗೀತೀರಿ?" ಎಂದರು.

ಕಟ್ಟಿಕೊಂಡೆವು. ಆಮೇಲೆ ಸಂಜೆಯವರೆಗೂ ಅವರಿಗೆ ಗಂಟೆ ಹೇಳುತ್ತ ಕುಳಿತದ್ದೇ ನಾವು ಅಲ್ಲಿ ಮಾಡಿದ ಕೆಲಸ. ವಾಚು ಬಿಚ್ಚಿದ್ದು ತಪ್ಪಲ್ಲ. ಆದರೆ ಬಿಚ್ಚಿದ್ದರಲ್ಲಿ ಆ ಮನೆಯವರ ದುಃಖದ ಬಗ್ಗೆ ಇದ್ದ ಗೌರವವೆಷ್ಟು, 'ನಮ್ಮನ್ನು ಏನೆಂದುಕೊಂಡಾರು' ಎಂಬ ಸಂಕೋಚವೆಷ್ಟು ಎಂದು ಅಳೆದು ನೋಡಿದರೆ ಎರಡನೆಯದರ ತಕ್ಕಡಿಯೇ ತುಸು ತೂಗುತ್ತಿತ್ತು. ತಂದೆಯವರು ಸಾವಿನ ಮನೆಗೆ ವಾಚು ಬಿಟ್ಟು ಹೋಗುತ್ತಿದ್ದುದು ಆ ಮನೆಯವರಿಗಾಗಿ. ನಾವು ಅವರ ನಿಯಮವನ್ನು ಮಾತ್ರ ಅನುಸರಿಸಿದ್ದೆವು. ಅಲ್ಲಿದ್ದವರಿಗೆ ಬೇಕಾಗಿದ್ದುದು ಗಂಟೆ; ಅದನ್ನು ತೋರಿಸುವುದು ಯಾವ ಬಣ್ಣದ್ದಾದರೇನು?

ಎರಡನೆಯ ಪ್ರಸಂಗ 2019ರ ಬೇಸಿಗೆಯದು. ನಮ್ಮಂತೆ ಹೊರನಾಡಿನಲ್ಲಿರುವವರು ಊರಿಗೆ ಹೋಗುವಾಗ ಒಂದು ವಿಶೇಷ ವೇಷ ಧರಿಸುತ್ತೇವೆ ಎಂಬುದನ್ನು ವಾಚಕರು ಒಪ್ಪುತ್ತಾರೆಂದು ನಂಬಿದ್ದೇವೆ. ವರ್ಷವೆಲ್ಲ ಬಳಸದ ಸೂಟ್‌ಕೇಸು, ರೈಲಿನ ಕೊನೆಯ ನಿಲ್ದಾಣದ ಹೊತ್ತಿಗೆ ಬದಲಿಸುವ ಅಂಗಿ, ಮತ್ತು ಊರಿನ ವಾಚು. ಅಂದರೆ ಊರಿಗೆಂದೇ ಕಟ್ಟುವ ವಾಚು. ದೆಹಲಿಯಲ್ಲಿ ಎರಡು ಕೋಣೆಯ ಕ್ವಾರ್ಟರ್ಸಿನಲ್ಲಿ ಹೇಗೆ ಬದುಕುತ್ತೇವೆಂಬುದು ಊರಿಗೆ ಕಾಣುವುದಿಲ್ಲ, ಕಾಣುವುದು ವಾಚು. ಆ ಸಲ ಮದುವೆಯೊಂದಕ್ಕೆ ಹೋದಾಗ ಆ ಚಿನ್ನದ ಬಣ್ಣದ ವಾಚು ನಮ್ಮ ಕೈಯಲ್ಲಿತ್ತು. ಮಾರನೆಯ ಬೆಳಿಗ್ಗೆ ಚಿಕ್ಕಪ್ಪನ ಮಗ ತೆಂಗಿನ ತೋಟಕ್ಕೆ ಕರೆದುಕೊಂಡು ಹೋದ. ಸುಳಿ ಬಾಡಿದ ಮರಗಳನ್ನು ತೋರಿಸಿದ. "ಅಣ್ಣಾ, ಬೋರು ಬತ್ತಿಹೋಯ್ತು. ಇನ್ನೊಂದು ಕೊರೆಸಬೇಕು. ಒಂದು ಐವತ್ತು ಸಾವಿರ ಆದರೆ..." ಎಂದ.

ನಮ್ಮಲ್ಲಿರಲಿಲ್ಲ. ಕಚೇರಿಯ ಸೊಸೈಟಿ ಸಾಲದ ಕಂತು, ಮಗಳ ಶಾಲೆಯ ಶುಲ್ಕ, ತಾಯಿಯವರ ಔಷಧಿ ಎಲ್ಲ ಕಳೆದರೆ ತಿಂಗಳ ಕೊನೆಗೆ ಉಳಿಯುತ್ತಿದ್ದುದು ಸೊನ್ನೆ. "ಸದ್ಯಕ್ಕೆ ಕಷ್ಟ ಕಣೋ" ಎಂದೆವು. ಅವನು ಏನೂ ಹೇಳಲಿಲ್ಲ. ಅವನ ಕಣ್ಣು ಒಂದು ಕ್ಷಣ ನಮ್ಮ ಮಣಿಕಟ್ಟಿನ ಮೇಲೆ ನಿಂತು ಆಚೆ ಹೋಯಿತು. "ಹೋಗಲಿ ಬಿಡಣ್ಣ" ಎಂದ. ಆಮೇಲೆ ಅವನು ಕೈಸಾಲ ಮಾಡಿ ಬೋರು ಕೊರೆಸಿದನೆಂದು ಬೇರೆಯವರಿಂದ ತಿಳಿಯಿತು. ವಾರಕ್ಕೊಮ್ಮೆ ಬರುತ್ತಿದ್ದ ಅವನ ಫೋನು ಯುಗಾದಿಗೆ ದೀಪಾವಳಿಗೆ ಮಾತ್ರ ಎಂದಾಯಿತು.

ಬಾಯಿ ಹೇಳಿದ್ದು ಸತ್ಯ. ಆದರೆ ಅವನು ನಂಬಿದ್ದು ವಾಚನ್ನು. ನಮ್ಮ ಬಾಯಿ ತೆರೆಯುವ ಮೊದಲೇ ವಾಚು ಅವನಿಗೆ ಮಾತು ಕೊಟ್ಟಾಗಿತ್ತು, ಆ ಮಾತನ್ನು ಉಳಿಸಿಕೊಳ್ಳುವ ಶಕ್ತಿ ನಮಗಿರಲಿಲ್ಲ. ಬೇರೆಯವರ ಬಳಿ ಮೊದಲೇ ಕೇಳಬಹುದಾಗಿದ್ದ ಅವನು ನಮ್ಮ ದಾರಿ ಕಾದು ಕುಳಿತಿದ್ದನಲ್ಲ, ಆ ದಿನಗಳ ಲೆಕ್ಕವೂ ನಮ್ಮ ಖಾತೆಯಲ್ಲಿಯೇ ಬರೆಯಬೇಕಾದದ್ದು. ಬರಿಯ ತೋರಿಕೆಯಿಂದ ಯಾರಿಗೆ ನಷ್ಟ ಎಂದು ಕೇಳುವವರುಂಟು. ನಷ್ಟ ಇಂಥ ಕಡೆ ಆಗುತ್ತದೆ, ತೋರಿಸಿದವನಿಗಲ್ಲ, ನಂಬಿದವನಿಗೆ.

ಮುಂದಿನ ಸಲ ಊರಿಗೆ ಹೊರಟಾಗ ನಾವು ಬುದ್ಧಿವಂತರಾಗಿದ್ದೆವು. ಕಪ್ಪು ಪಟ್ಟಿಯ ಅಗ್ಗದ ವಾಚು ಕಟ್ಟಿಕೊಂಡೆವು. ರೈಲಿನಲ್ಲಿ ಕುಳಿತು ಯೋಚಿಸುವಾಗ ಅದೂ ನಿರ್ಮಲವಾದ ಆಯ್ಕೆಯಲ್ಲ ಎಂಬುದು ಹೊಳೆಯಿತು. ಮೊದಲನೆಯದು 'ನಾವು ಚೆನ್ನಾಗಿದ್ದೇವೆ' ಎಂದರೆ, ಇದು 'ನಮ್ಮನ್ನು ಏನೂ ಕೇಳಬೇಡಿ' ಎನ್ನುತ್ತಿತ್ತು. ಸಿರಿವಂತಿಕೆಯ ಸೋಗಿನಂತೆ ಬಡತನಕ್ಕೂ ಒಂದು ಸೋಗುಂಟು. ತಂದೆಯವರ ಜನತಾ ಕಟ್ಟಿ ಹೋಗಿದ್ದರೆ? ಅದು 'ನೋಡಿ, ಎಂಥ ಪಿತೃಭಕ್ತ ಮಗ' ಎಂದು ಸಾರುತ್ತಿತ್ತು! ಯಾವುದನ್ನು ಕಟ್ಟಿದರೂ ಅದು ಮಾತಾಡುತ್ತದೆ. ಏನನ್ನೂ ಕಟ್ಟದ ಬರಿಗೈ ಕೂಡ. ಹಾಗಾಗಿ ಸುಳ್ಳಾಡದ ವಾಚನ್ನು ಹುಡುಕುವುದರಿಂದ ಪ್ರಯೋಜನವಿಲ್ಲ. ಕೈ ಹೇಳಿದ್ದರಲ್ಲಿ ತಪ್ಪಿದ್ದರೆ ಬಾಯಿ ಅದನ್ನು ತಿದ್ದಬೇಕು. ಆ ಸಲ ಜಗಲಿಯ ಮೇಲೆ ಕುಳಿತು ತಮ್ಮನಿಗೆ ನಮ್ಮ ಸಂಬಳ, ಕಂತು, ಕಡಿತಗಳ ಲೆಕ್ಕವನ್ನೆಲ್ಲ ಬಿಡಿಸಿ ಹೇಳಿದೆವು. ಅವನು ಬಹಳ ಹೊತ್ತು ಸುಮ್ಮನಿದ್ದು, "ಇಷ್ಟು ವರ್ಷದಲ್ಲಿ ಇದನ್ನ ಒಂದು ಸಲಾನೂ ಹೇಳಿರಲಿಲ್ಲವಲ್ಲ ಅಣ್ಣ" ಎಂದ. ಹಳೆಯ ಸಲಿಗೆ ಪೂರ್ತಿ ಮರಳಿದೆ ಎನ್ನಲಾರೆವು. ಆದರೆ ಈಗ ಅವನ ಫೋನು ಹಬ್ಬವಿಲ್ಲದ ದಿನಗಳಲ್ಲೂ ಬರುತ್ತದೆ.

ಆದ್ದರಿಂದ ನಮ್ಮ ಅಲ್ಪಮತಿಗೆ ತೋರಿದ್ದು ಇಷ್ಟು. ಪಟ್ಟಿಗೆ ಬೂಟು ಹೊಂದಿಸುವುದು ಕಣ್ಣಿನ ವಿಚಾರ; ಅದರಲ್ಲಿ ಪಾಪ ಪುಣ್ಯ ಏನೂ ಇಲ್ಲ, ಮನಸ್ಸಿಗೊಂದು ಉಲ್ಲಾಸವಿದೆ, ಅದನ್ನು ಕಳೆದುಕೊಳ್ಳಬೇಕಾಗಿಲ್ಲ. ಸಂದರ್ಭಕ್ಕೆ ಹೊಂದಿಸುವುದು ಮರ್ಯಾದೆಯ ವಿಚಾರ. ಎದುರಿನವರ ಮನಸ್ಸಿಗೆ ಅದರಿಂದ ಹಿತವಾಗುತ್ತದೆಯೇ ಎಂದು ಕೇಳಿಕೊಂಡರೆ ಸಾಕು. ಆದರೆ ಇವೆರಡನ್ನೂ ಮೀರಿದ ಮೂರನೆಯ ಹೊಂದಿಕೆಯೊಂದಿದೆ. ಕೈಯ ಮೇಲಿನ ಮಾತಿಗೂ ಕೈಲಾಗುವುದಕ್ಕೂ ಇರಬೇಕಾದ ಹೊಂದಿಕೆ ಅದು. ಇದು ತಪ್ಪಿದರೆ ಮೊದಲೆರಡು ಎಷ್ಟು ಚೆಂದವಿದ್ದರೂ ಒಂದು ದಿನ ಯಾರೋ ಅದರ ಬೆಲೆ ತೆರಬೇಕಾಗುತ್ತದೆ. ಈಗಿನ ಸ್ಮಾರ್ಟ್ ವಾಚುಗಳಲ್ಲಿ ಬೆರಳಿನಿಂದ ಸರಿಸಿದರೆ ಸಾಕು, ಕಚೇರಿಗೊಂದು, ಮದುವೆಗೊಂದು ಎಂದು ಮುಖವೇ ಬದಲಾಗುತ್ತದಂತೆ. ನಮ್ಮ ಮಗಳ ತಲೆಮಾರಿಗೆ ಮೊದಲೆರಡು ಹೊಂದಿಕೆ ಬಹಳ ಸುಲಭವಾಯಿತು. ಮೂರನೆಯದು ಮಾತ್ರ ಬೆರಳಿನಿಂದ ಸರಿಸುವಂಥದ್ದಲ್ಲ.

ರಾಜ್ಯೋತ್ಸವದ ಆ ಸಂಜೆ ಕೊನೆಗೆ ಯಾವುದನ್ನು ಕಟ್ಟಿಕೊಂಡು ಹೋದಿರಿ ಎಂದು ವಾಚಕರು ಕೇಳಬಹುದು. ದೀಪಾವಳಿಗೆಂದು ಬಂದಿದ್ದ ಮಾವನವರೂ ಅಂದು ನಮ್ಮೊಡನೆ ಸಮಾರಂಭಕ್ಕೆ ಹೊರಟಿದ್ದರು. ಅವರು ಕೊಟ್ಟದ್ದನ್ನೇ ಕಟ್ಟಿಕೊಂಡೆವು. ಚೈನಿನ ಚಿನ್ನದ ಬಣ್ಣ ಅಲ್ಲಲ್ಲಿ ಮಾಸಿ ಒಳಗಿನ ಬಿಳುಪು ಕಾಣುತ್ತಿತ್ತು. ತೊಟ್ಟ ಬೂದು ಬಣ್ಣದ ಜುಬ್ಬಕ್ಕೆ ಅದು ಹೊಂದುತ್ತಲೂ ಇರಲಿಲ್ಲ. ಸಭಾಂಗಣದಲ್ಲಿ ಪಕ್ಕದಲ್ಲಿ ಕುಳಿತ ಮಾವನವರು ನಮ್ಮ ಕೈಯನ್ನು ಹಿಡಿದು, ಕನ್ನಡಕ ಸರಿಸಿಕೊಂಡು ನೋಡಿದರು. "ಇನ್ನೂ ಸರಿಯಾಗಿ ನಡೀತಿದೆಯಾ?" ಎಂದರು. "ಒಂದು ನಿಮಿಷ ಕೂಡ ತಪ್ಪಿಲ್ಲ ಮಾವ" ಎಂದೆವು. ಹದಿನೇಳು ವರ್ಷಗಳ ಹಿಂದೆ ಕೇಳದೆ ಬಿಟ್ಟಿದ್ದ ಪ್ರಶ್ನೆಯನ್ನು ಅಂದು ಕೇಳಿದೆವು. ಅವರು ನಕ್ಕು, ಅದಕ್ಕಾಗಿ ಕಟ್ಟಿದ ಕಂತುಗಳ ಕತೆಯನ್ನು ಹೇಳತೊಡಗಿದರು. ವೇದಿಕೆಯ ಮೇಲೆ ಆಗ ನಾಡಗೀತೆಗೆ ಎಲ್ಲರೂ ಎದ್ದು ನಿಲ್ಲಬೇಕೆಂದು ಹೇಳಿದರು. ಉಳಿದ ಕತೆಯನ್ನು ಮನೆಗೆ ಹೋಗಿ, ಮಗಳನ್ನೂ ಕೂರಿಸಿಕೊಂಡು ಕೇಳಿದೆವು.